ಕೆರೆಯ ತಳಕ್ಕಿಳಿದ ಗಾಳಿ

ನನ್ನ ಚಿಗವ್ವನ ಮನೆಯ ಫ್ರಿಜ್ಜಿನಲ್ಲಿ ಬೆಣ್ಣೆ ಹುಡುಕಿದವರಿಗೆ ಮೊದಲು ಸಿಗುವುದು ಕೆಸರು. ಅದೂ ಡಬ್ಬಿ ಡಬ್ಬಿ ಕೆಸರು! ರಾಣೆಬೆನ್ನೂರಿನ ಕಾಲೇಜಿನಲ್ಲಿ ಭೂಗೋಳ ಕಲಿಸಿ ನಿವೃತ್ತಳಾದ ಮೇಲೆ ಅವಳ ವಾರಿಗೆಯವರು ಭಜನೆಗೆ ಸೇರಿದರು. ಇವಳು ಕೆರೆಗೆ ಇಳಿದಳು.

ಗಾಳಿಯಲ್ಲಿ ಹಾರಿದ ಹೊಗೆಯ ಕಣ ಕೊನೆಗೆ ನೀರಿಗೆ ಬಿದ್ದು, ವರ್ಷ ವರ್ಷವೂ ಕೆರೆಯ ತಳದಲ್ಲಿ ಪದರು ಪದರಾಗಿ ಕೂರುತ್ತದಂತೆ. ಅದನ್ನು ನೋಡಲು ಹಲಗೇರಿ ಕಡೆಯ, ಯಾರೂ ಹೂಳೆತ್ತದ ಕೆರೆಯೊಂದಕ್ಕೆ ತೆಪ್ಪದಲ್ಲಿ ಹೋಗಿ, ತಳಕ್ಕೆ ಪ್ಲಾಸ್ಟಿಕ್ ಕೊಳವೆ ಚುಚ್ಚಿ ಕೆಸರು ತುಂಬಿಕೊಂಡಳು. ಮಲಗಿಸಿದರೆ ಪದರು ಕಲೆಸಿಹೋಗುತ್ತವೆಂದು ಬಸ್ಸಿನಲ್ಲಿ ಅದನ್ನು ನೆಟ್ಟಗೆ ತಬ್ಬಿಕೊಂಡೇ ನಿಂತಳು. ಜೊತೆಗೆ ಹೋಗಿದ್ದ ನಾನು ಗುರುತಿಲ್ಲದವನಂತೆ ಹಿಂದಿನ ಸೀಟಿನಲ್ಲಿ ಕುಳಿತೆ.

“ಒಳಗೇನೈತ್ರಿ ಅಕ್ಕಾರ?” ಎಂದ ಕಂಡಕ್ಟರ್.

“ಗಾಳಿ.”

“ಗಾಳಿ ಇಷ್ಟು ಭಾರ ಇರತೈತೇನ್ರಿ?”

“ನಾವು ಉಸಿರಾಡಿದ ಗಾಳಿ ನೋಡಪಾ, ಅದಕ್ಕ ಭಾರ.”

ಅವನು ಲಗೇಜಿನ ಮಾತೆತ್ತದೆ ಮುಂದೆ ಹೋದ.

ಅವಳ ಗಂಡ, ನಮ್ಮ ಕಾಕಾನಿಗೆ ಇದೆಲ್ಲ ತಮಾಷೆ. ಬ್ಯಾಡಗಿ ರಸ್ತೆಯಲ್ಲಿ ಅವನದು ಇಟ್ಟಿಗೆ ಭಟ್ಟಿ. ಅವನಪ್ಪ ಕಟ್ಟಿಸಿದ್ದು, ಕಲ್ಲಿದ್ದಲಿನದು. ತಾನು ಕೆಸರನ್ನು ಸುಟ್ಟರೆ ಹೆಂಡತಿ ತಂಪಿಗಿಡುತ್ತಾಳೆಂದು ಬಂದವರಿಗೆಲ್ಲ ಹೇಳುತ್ತಿದ್ದ. ಒಂದು ದಿನ ಚಿಗವ್ವ ಆ ಕೆಸರನ್ನು ಪದರು ಪದರಾಗಿ ಬೇರೆ ಮಾಡಿ, ಕಾಲೇಜಿನಲ್ಲಿ ತೊಳೆದು ಸೋಸಿ ತಂದು, ಸೂಕ್ಷ್ಮದರ್ಶಕದ ಮುಂದೆ ಅವನನ್ನು ಕೂರಿಸಿದಳು. ತಳದ ಹಳೆಯ ಪದರಿನಲ್ಲಿ ಏನೂ ಇರಲಿಲ್ಲ. ಮೇಲೆ ಬಂದಂತೆಲ್ಲ ಸಾಸಿವೆ ಚೆಲ್ಲಿದ ಹಾಗೆ ಕರಿ ಗುಂಡುಗಳು. ಒಲೆಯ ಕಟ್ಟಿಗೆಯಿಂದ ಇಂಥವು ಹುಟ್ಟುವುದಿಲ್ಲ, ಕಲ್ಲಿದ್ದಲು, ಎಣ್ಣೆ ಧಗಧಗ ಉರಿದಾಗಲೇ ಹುಟ್ಟುತ್ತವೆ ಎಂದಳು.

ಕಾಕಾ ಸೂಕ್ಷ್ಮದರ್ಶಕದಿಂದ ಕಣ್ಣು ತೆಗೆಯದೆ ಕೇಳಿದ, “ಇವು ನನ್ನ ಭಟ್ಟೀವೇನು?”

“ನಿಮ್ಮವಷ್ಟ ಅಲ್ರಿ. ಎಲ್ಲೋ ಕಲ್ಲಿದ್ದಲು ಸುಟ್ಟಿದ್ದಕ್ಕ ನಮ್ಮ ಮನೀಗೆ ಕರೆಂಟ್ ಬರತೈತಿ. ಅದರವೂ ಇರತಾವ.”

ಆಮೇಲೆ ಅವನು ಆ ತಮಾಷೆ ಮಾಡಲಿಲ್ಲ. ಮುಂದಿನ ಬೇಸಿಗೆಗೆ ಭಟ್ಟಿ ಹೊತ್ತಿಸಲೂ ಇಲ್ಲ. ಅದನ್ನು ಕೆಡವಿದ ದಿನ ಮನೆಯಿಂದ ಹೊರಗೇ ಬರಲಿಲ್ಲ. ಈಗ ಮಣ್ಣಿಗೆ ಸಿಮೆಂಟು ಬೆರೆಸಿ, ಯಂತ್ರದಲ್ಲಿ ಒತ್ತಿದ, ಸುಡದ ಇಟ್ಟಿಗೆ ಮಾರುತ್ತಾನೆ. ಗಿರಾಕಿಗಳು ಮೊದಮೊದಲು ಹಸಿ ಇಟ್ಟಿಗೆ ಎಂದು ನಕ್ಕರು. ಕಾಕಾ ಅದರ ಮೇಲೆ ಹತ್ತಿ ಕುಣಿದು ತೋರಿಸಿದ. ಅವನ ಮೈಕಟ್ಟು ಕಂಡವರು ತಕ್ಷಣ ನಂಬಿದರು!

ಮೊನ್ನೆ ತೆಪ್ಪದಲ್ಲಿ ಅವಳ ಜೊತೆ ಕುಳಿತವನು ಅವನೇ. ಕರಿ ಗುಂಡು ಕಡಿಮೆಯಾದದ್ದು ಯಾವಾಗ ಕಂಡೀತು ಎಂದು ಕೇಳಿದ. ಹೊಸ ಕೆಸರು ನಾಲ್ಕು ಬೆರಳು ಕೂರಬೇಕು, ಹತ್ತು ವರ್ಷವಾದರೂ ಬೇಕು ಎಂದಳು ಚಿಗವ್ವ. ಇಬ್ಬರಿಗೂ ಎಪ್ಪತ್ತು ಹತ್ತಿರ. ಕಾಕಾ ನೀರನ್ನೇ ನೋಡುತ್ತ ಮೆಲ್ಲಗೆ ಹೇಳಿದ:

“ಹಂಗಾದ್ರ ಬಿ.ಪಿ. ಗುಳಿಗಿ ತಪ್ಪಸಬ್ಯಾಡ. ಇಬ್ಬರೂ ಕೂಡೇ ನೋಡೂಣು.”