ಮಾವನ ರೇಡಿಯೋ

ಮದುವೆಯಾದಾಗಿನಿಂದ ಸುಧೀರನಿಗೆ ಒಂದೇ ಆಸೆ. ಮಾವ ದೌಲತರಾಯರ ಬಾಯಿಂದ ಒಮ್ಮೆಯಾದರೂ ‘ಭೇಷ್’ ಅನ್ನಿಸಿಕೊಳ್ಳಬೇಕು. ಅಫಜಲಪುರದಲ್ಲಿ ಕಂಪ್ಯೂಟರ್ ಕಲಿಸುವ ಅಳಿಯನನ್ನು ಅವರು ಇಂದಿಗೂ ‘ಟೈಪಿಂಗ್ ಮಾಸ್ತರ’ ಎನ್ನುತ್ತಿದ್ದರು.

ಅದಕ್ಕೇ ಅವರ ಹುಟ್ಟುಹಬ್ಬಕ್ಕೆಂದು ಆಳಂದಕ್ಕೆ ಬಂದವನು, ಮಾವನ ಕಂಪ್ಯೂಟರಿನಲ್ಲಿ ತಾನೇ ಪ್ರೋಗ್ರಾಂ ಬರೆದು ಮಾಡಿದ ರೇಡಿಯೋ ಒಂದನ್ನು ಕೂಡಿಸಿದ್ದ. ಪರದೆಯ ಮೇಲಿನ ಬೇರೆ ವಿಂಡೋಗಳಂತೆ ಚೌಕಟ್ಟಿಲ್ಲ, ಮೇಲಿನ ಪಟ್ಟಿಯಿಲ್ಲ. ತೀರಿಹೋದ ಅತ್ತೆ ಸರಸ್ವತಿಬಾಯಿಯ ಕಾಲದ ಅದೇ ಕಂದು ಪೆಟ್ಟಿಗೆ, ಅದೇ ಎರಡು ಗುಂಡಿ, ಅವೇ ಹಳೆಯ ಹಾಡು. ಮೌಸಿನಿಂದ ಹಿಡಿದು ಬೇಕಾದಲ್ಲಿಗೆ ಎಳೆದುಕೊಳ್ಳಬಹುದು.

ದೌಲತರಾಯರು ಗುಂಡಿಯ ಮೇಲೆ ಮೌಸಿನ ಬಾಣವಿಟ್ಟು ಎಳೆದರು. ರೇಡಿಯೋ ಟಣ್ಣನೆ ಜಿಗಿದು, ಅದರ ಎಡಮೂಲೆ ಬಂದು ಬಾಣಕ್ಕೆ ಅಂಟಿಕೊಂಡಿತು. ಮತ್ತೆ ಹಿಡಿದರು, ಮತ್ತೆ ಜಿಗಿಯಿತು. ಮಾವನ ಕಣ್ಣು ಅಗಲವಾದವು. ಸುಧೀರ ಅದನ್ನು ಸಿಟ್ಟೆಂದೇ ತಿಳಿದ.

“ಮೌಸಿನ್ಯಾಗ ಧೂಳ ಕುಂತದರಿ,” ಎಂದ ಪಕ್ಕದ ಮನೆಯ ಸೂರ್ಯಕಾಂತ, ಕರೆಯದೇ ಒಳಗೆ ಬಂದು. “ಒಂದ್ ಸಲ ಊದಿದ್ರ ಮುಗೀತು.”

“ಧೂಳಲ್ರಿ, ನಂದೇ ತಪ್ಪು,” ಎಂದ ಸುಧೀರ. “ ಹುಡುಗನ ಕಿವಿ ಹಿಡದು ಎಳದ್ರ ಕಿವೀನೇ ಕೈಯಾಗಿರಬೇಕಲ್ರಿ? ಇಲ್ಲಿ ಎಲ್ಲಿ ಹಿಡದ್ರೂ ನೆತ್ತಿ ಬಂದು ಕೈಗೆ ಕುಂದ್ರತದ. ಹಿಡದ ಜಾಗ ಲೆಕ್ಕದಾಗ ಕಳೀಲಿಕ್ಕೆ ಮರತೇನಿ.”

“ಹೋಳಿಗಿ ಆರಾಕತ್ತಾವ, ಊಟಕ್ಕ ಬರ್ರಿ,” ಎಂದು ಹೆಂಡತಿ ಮೃಣಾಲಿನಿ ಒಳಗಿನಿಂದ ಕರೆದಳು.

“ಬಂದೆ, ತಿದ್ದಾಕತ್ತೇನಿ.”

ಗಡಿಬಿಡಿಯಲ್ಲಿ ಸುಧೀರ ಹಿಡಿದ ಜಾಗವನ್ನು ಎರಡೆರಡು ಸಲ ಕಳೆದುಬಿಟ್ಟ. ರೇಡಿಯೋ ಪರದೆಯ ಆಚೆ ಹೋಗಿ ಕೂತಿತು. ಹಾಡು ಮಾತ್ರ ಕೇಳುತ್ತಿತ್ತು.

“ಈಗ ಖರೇ ರೇಡಿಯೋ ಆತ್ ನೋಡ್ರಿ, ಬಾಜೂ ಮನ್ಯಾಗ ಹಚ್ಚಿದಂಗ ಅದ,” ಎಂದ ಸೂರ್ಯಕಾಂತ.

ಹೋಳಿಗೆ ಪೂರಾ ಆರಿದ ಮೇಲೆ ಲೆಕ್ಕ ಸರಿಹೋಯಿತು. ಮಾವ ಗುಂಡಿ ಹಿಡಿದು ಎಳೆದರು. ರೇಡಿಯೋ ಹಸುವಿನ ಹಿಂದಿನ ಕರುವಿನಂತೆ ಸುಮ್ಮನೆ ಬಂತು. ಸುಧೀರ ‘ಭೇಷ್’ಗೆ ಕಾದ. ಮಾವನ ಮುಖ ಬಾಡಿತು.

“ಕೆಡಿಸಿಬಿಟ್ರಲ್ಲ,” ಎಂದರು. “ನಮ್ಮ ರೇಡಿಯೋ ಇಟ್ಟ ಮೇಜಿಂದು ಒಂದು ಕಾಲು ಗಿಡ್ಡ ಇತ್ತು. ಗುಂಡಿ ಮುಟ್ಟಿದ್ರ ಸಾಕು, ರೇಡಿಯೋ ಜಿಗದು ಜಾರ್ತಿತ್ತು. ಸರಸ್ವತಿ ಹಿಟ್ಟಿನ ಕೈಲೇ ಓಡಿ ಬಂದು ಹಿಡೀತಿದ್ದಳು. ಹಾಡು ಮುಗಿಯೂತನಾ ಇಬ್ರೂ ಅದನ್ನ ಹಿಡಕೊಂಡೇ ನಿಂದರತಿದ್ವಿ. ಮೊದಲ ಇದು ಜಿಗದಾಗ ಆಕೀನೇ ಬಂದಂಗಾತು.”

 ಸುಧೀರ ಮತ್ತೆ ಕಂಪ್ಯೂಟರಿನ ಮುಂದೆ ಕೂತು, ಅಷ್ಟು ಬೆವರು ಸುರಿಸಿ ಬರೆದ ಸಾಲನ್ನು ಅಳಿಸಿಹಾಕಿದ. ಅಷ್ಟರಲ್ಲಿ ಸೂರ್ಯಕಾಂತ ಮೌಸನ್ನು ಎತ್ತಿ, ತಿರುವಿ, ಉಫ್ ಎಂದು ಊದಿ ಮಾವನ ಕೈಗೆ ಕೊಟ್ಟ.

ಮಾವ ಗುಂಡಿ ಹಿಡಿದರು. ರೇಡಿಯೋ ಟಣ್ಣನೆ ಜಿಗಿಯಿತು.

ದೌಲತರಾಯರು ಕಣ್ಣೊರೆಸಿಕೊಂಡು ಸೂರ್ಯಕಾಂತನ ಬೆನ್ನು ತಟ್ಟಿದರು.

“ಭೇಷ್. ರಿಪೇರಿ ಅಂದ್ರ ಹಿಂಗಿರಬೇಕು ನೋಡ್ರಿ, ಮಾಸ್ತರ.”