ಹದಿನೇಳು ಮೆಟ್ಟಿಲು, ಒಂದೇ ಬಲ್ಬು

ಸ್ವಿಚ್ಚು ಒತ್ತಿದರೆ ದೀಪ ಹತ್ತಬೇಕು, ಮತ್ತೆ ಒತ್ತಿದರೆ ಆರಬೇಕು, ಇದರಲ್ಲಿ ತಲೆ ಕೆಡಿಸಿಕೊಳ್ಳುವುದಕ್ಕೆ ಏನಿದೆ ಎಂದು ಇಷ್ಟು ವರ್ಷ ನಂಬಿಕೊಂಡು ಬಂದವನು ನಾನು. ಈಗ ಆ ನಂಬಿಕೆ ಹೋಗಿದೆ. ಹೋದರೆ ಹೋಗಲಿ ಎನ್ನೋಣವೆಂದರೆ, ಗೊಂದಲ ಬಿಡಿಸುವುದೇ ನನ್ನ ಹೊಟ್ಟೆಪಾಡು. ನಾನು ಸರ್ವೆಯರ್. ಪಾವಗಡದ ಕಡೆ ಅಣ್ಣತಮ್ಮಂದಿರು ಬದುವಿನ ಮೇಲೆ ನಿಂತು, ಒಬ್ಬ ಕನ್ನಡದಲ್ಲಿ ಇನ್ನೊಬ್ಬ ತೆಲುಗಿನಲ್ಲಿ ಬೈದಾಡುತ್ತಿರುವಾಗ, ನಡುವೆ ಟೇಪು ಎಳೆದು, ಕಲ್ಲು ನೆಡಿಸಿ, 'ನೋಡ್ರಪ್ಪ, ಇಷ್ಟೇ ವಿಷಯ, ಒಡಹುಟ್ಟಿದವರು ಹೊಂದಿಕೊಂಡು ಹೋಗಬೇಕು' ಎಂದು ಬುದ್ಧಿ ಹೇಳಿ, ಅವರು ಕೊಟ್ಟ ಕಡಲೆಕಾಯಿಯನ್ನು ಜೇಬಿಗೆ ತುಂಬಿಕೊಂಡು ಮಧುಗಿರಿಯ ಬಸ್ಸು ಹತ್ತುವವನು. ಬಸ್ಸಿಳಿದು ಮನೆಗೆ ಬಂದರೆ ನನಗೂ ನನ್ನ ಅಣ್ಣನಿಗೂ ಮಾತಿಲ್ಲ.

ಅಣ್ಣ ದರ್ಜಿ. ನಾನು ಊರವರ ಹೊಲ ಅಳೆದರೆ ಅವನು ಊರವರ ಸೊಂಟ ಅಳೆಯುತ್ತಾನೆ. ಮನೆ ಭಾಗವಾದಾಗ ಕೆಳಗಿನದು ಅವನಿಗೆ, ಮಹಡಿ ನನಗೆ ಎಂದಾಯಿತು. ಅಳೆದವನು ನಾನೇ. "ನಿನ್ ಟೇಪು ಜೋಲು ಬಿದ್ದಿತ್ತು ಕಣ್ಲಾ" ಎಂದ. ಒಬ್ಬ ಸರ್ವೆಯರನಿಗೆ ಹೇಳುವ ಮಾತೇ ಇದು? "ನೀನು ಹೊಲಿದಿರೋ ಪ್ಯಾಂಟು ಯಾರ ಸೊಂಟದ ಮೇಲೆ ನಿಂತೈತೆ ಹೇಳಣ್ಣ" ಎಂದೆ. ಅಂದಿನಿಂದ ಏನಿದ್ದರೂ ಅವ್ವನ ಮೂಲಕ. ಹದಿನೇಳು ಮೆಟ್ಟಿಲುಗಳಲ್ಲಿ ಕೆಳಗಿನ ಎಂಟು ಅವನವು, ಮೇಲಿನ ಎಂಟು ನನ್ನವು. ಒಂಬತ್ತನೆಯದನ್ನೂ ಅದರ ಮೇಲೆ ತೂಗುವ ಬಲ್ಬನ್ನೂ ಭಾಗ ಮಾಡಲು ಬಾರದೆ ಜಂಟಿಯಾಗಿ ಬಿಟ್ಟೆವು. ಆ ಬಲ್ಬಿಗೆ ಕೆಳಗೆ ಅಣ್ಣನ ಬಾಗಿಲೊಳಗೊಂದು ಸ್ವಿಚ್ಚು, ಮೇಲೊಂದು ಸ್ವಿಚ್ಚು. ಅಪ್ಪ ಮಾಡಿಸಿದ್ದ ಏರ್ಪಾಡು. ಎಲ್ಲಿಂದ ಒತ್ತಿದರೂ ಹತ್ತುತ್ತಿತ್ತು, ಎಲ್ಲಿಂದ ಒತ್ತಿದರೂ ಆರುತ್ತಿತ್ತು. ಅವ್ವನಿಗೆ ಹಗಲು ಕೆಳಮನೆ, ಸಂಜೆಯ ಮುದ್ದೆ ಮತ್ತು ಹಾಸಿಗೆ ಮಹಡಿ. ಹಾಗಾಗಿ ದಿನವೂ ಮಬ್ಬುಗತ್ತಲಾಗುವ ಹೊತ್ತಿಗೆ, ಪೊರೆ ತೆಗೆಸಿದ ಒಂದು ಕಣ್ಣು, ತೆಗೆಸದ ಇನ್ನೊಂದು ಕಣ್ಣು ಇಟ್ಟುಕೊಂಡು ಅವಳು ಆ ಮೆಟ್ಟಿಲು ಹತ್ತಬೇಕು.

ಈಗ ಒಂದು ಮಾತು, ನಿಮ್ಮಲ್ಲೇ ಇರಲಿ. ಈ ಸಲ ಗೋಡೆಗೆ ಬಣ್ಣ ಹೊಡೆಸಿದ ಮೇಲೆ ಆ ಹಳೇ ಕಪ್ಪು ಸ್ವಿಚ್ಚು ಹೊಸ ಗೋಡೆಯಲ್ಲಿ ದೃಷ್ಟಿಬೊಟ್ಟಿನಂತೆ ಕಾಣುತ್ತಿತ್ತು. ಬಿಳಿಯದೊಂದು ತಂದು ನಾನೇ ಹಾಕಿದೆ. ಬಿಚ್ಚಿ ನೋಡಿದರೆ ಹಿಂದೆ ಮೂರು ಸ್ಕ್ರೂ, ಮೂರು ತಂತಿ, ಮೂರೂ ಕೆಂಪು. ಬುದ್ಧಿವಂತ ನಾನು, ಬಿಚ್ಚುವ ಮೊದಲೇ ಮೊಬೈಲಿನಲ್ಲಿ ಫೋಟೋ ತೆಗೆದುಕೊಂಡಿದ್ದೆ. ಆಮೇಲೆ ನೋಡಿದರೆ ಫೋಟೋ ತುಂಬ ನನ್ನ ಹೆಬ್ಬೆರಳು. ಅಂದಾಜಿನ ಮೇಲೆ ತಂತಿ ಸಿಕ್ಕಿಸಿದೆ. ಒತ್ತಿದೆ, ಹತ್ತಿತು. ಮತ್ತೆ ಒತ್ತಿದೆ, ಆರಿತು. ಎದೆ ಉಬ್ಬಿತು.

ಉಬ್ಬಿದ ಎದೆ ಎರಡು ದಿನ ನಿಂತಿತ್ತು. ಮೂರನೆಯ ದಿನ ಒತ್ತಿದರೆ ಹತ್ತಲಿಲ್ಲ. ಹತ್ತು ಸಲ ಒತ್ತಿದರೂ ಇಲ್ಲ. ಅರ್ಧ ಗಂಟೆ ಬಿಟ್ಟು ಒತ್ತಿದರೆ ಹತ್ತಿತು. ಯಾವ ಕಡೆ ಒತ್ತಿದರೆ 'ಹಾಕಿದ' ಹಾಗೆ ಎಂದು ಮರೆಯದಿರಲು ನನ್ನ ಹೆಂಡತಿ ತನ್ನ ಹಣೆಯ ಸ್ಟಿಕ್ಕರನ್ನು ಸ್ವಿಚ್ಚಿನ ಕೆಳತುದಿಗೆ ಅಂಟಿಸಿದಳು. ಮಾರನೆಯ ದಿನ ಸ್ಟಿಕ್ಕರು ಒತ್ತಿಕೊಂಡೇ ಇದೆ, ಬಲ್ಬು ಕತ್ತಲು. ಮೇಲಿನ ತುದಿಗೆ ಇನ್ನೊಂದು ಅಂಟಿಸಿದಳು. ಕೊನೆಗೆ ಆ ಸ್ವಿಚ್ಚು ಎರಡೂ ತುದಿಗೆ ಬೊಟ್ಟಿಟ್ಟುಕೊಂಡು ಮುತ್ತೈದೆಯಂತೆ ಕುಳಿತಿತ್ತು. "ರೀ, ಇದ್ರಲ್ಲಿ ಯಾವ್ದು ನಿಜವಾದ ಬೊಟ್ಟು?" ಎಂದು ಅವಳೇ ನನ್ನನ್ನು ಕೇಳಿದಳು. ನಾನು ಕಚೇರಿಯ ಪುಸ್ತಕದ ಹಿಂದಿನ ಹಾಳೆಯಲ್ಲಿ ಮೇಲಿನ ಸ್ವಿಚ್ಚು, ಕೆಳಗಿನ ಸ್ವಿಚ್ಚು ಎಂದು ನಕ್ಷೆ ಬರೆದೆ. ಕೆಳಗಿನದು ಯಾವ ಭಂಗಿಯಲ್ಲಿದೆಯೆಂದು ಅಣ್ಣನನ್ನು ಕೇಳದೆ ತಿಳಿಯುವಂತಿರಲಿಲ್ಲ. ಕೇಳುವುದು ನನ್ನಿಂದಾಗದು. ನಕ್ಷೆಯ ಅರ್ಧ ಖಾಲಿ ಉಳಿಯಿತು.

ಖಾಲಿ ಜಾಗವನ್ನು ಸಂಶಯ ತುಂಬಿತು. ಅಣ್ಣ ಬೇಕೆಂದೇ ಕೆಳಗಿನಿಂದ ಆರಿಸುತ್ತಿದ್ದಾನೆ, ಇದು ಜೋಲು ಟೇಪಿನ ಸೇಡು ಎಂದು ತೀರ್ಮಾನಿಸಿದೆ. ಅಷ್ಟರಲ್ಲಿ ಅವ್ವ ಕೆಳಗಿನಿಂದ ವರದಿ ತಂದಳು. "ನಿಮ್ಮಣ್ಣ ಕೇಳ್ತಾವ್ನೆ, ಮ್ಯಾಲಿಂದ ಯಾಕ್ ದೀಪ ಕೆಡಿಸ್ತಾನೆ ಅವ್ನು ಅಂತ." ನಾನೇಕೆ ಕೆಡಿಸಲಿ? "ನಂಗೇನ್ ಗೊತ್ತಪ್ಪ. ಅಪ್ಪನ ಕಾಲ್ದಲ್ಲಿ ಒಬ್ರು ಹಾಕಿದ್ರೆ ಹತ್ಕಣದು. ಈಗ ಇಬ್ರೂ ಒಪ್ಪಿದ್ರೇ ಹತ್ತೋದು" ಎಂದು ಅವ್ವ ಮುದ್ದೆ ಮುರಿದಳು. ಒಂದು ತಿಂಗಳಿನಿಂದ ನಾನು ನಕ್ಷೆಯಲ್ಲಿ ಹುಡುಕುತ್ತಿದ್ದುದನ್ನು ಅವಳು ಒಂದೇ ತುತ್ತಿನಲ್ಲಿ ಹೇಳಿದ್ದಳು. ಆಗ ನನಗೆ ತಿಳಿಯಲಿಲ್ಲ.

ಮರುದಿನ ಸಂಜೆ ಕತ್ತಲಲ್ಲಿ ಅವ್ವ ಏಳನೆಯ ಮೆಟ್ಟಿಲಿನಲ್ಲಿ ಕಾಲು ತಪ್ಪಿದಳು. ಬೀಳಲಿಲ್ಲ, ಗೋಡೆ ಹಿಡಿದು ಕುಸಿದು ಕುಳಿತಳು. ಸದ್ದು ಕೇಳಿ ಓಡಿದ ನನಗೆ ಮೊದಲು ಹೊಳೆದದ್ದು ಏಳನೆಯದು ಅಣ್ಣನ ಪಾಲಿನದು ಎಂಬುದು. ಅಷ್ಟು ಹೊಳೆದದ್ದಕ್ಕೆ ಇವತ್ತಿಗೂ ನಾಚಿಕೆಯಾಗುತ್ತದೆ. ಮಂಡಿ ತರಚಿತ್ತು, ಅಷ್ಟೇ. ಆದರೆ ಮುಂದಿನ ಸಲ ಅಷ್ಟಕ್ಕೇ ಮುಗಿಯಬೇಕಲ್ಲ.

ಬೆಳಗಾಗುತ್ತಲೇ ಸಿರಾ ಮೂಲದ ಎಲೆಕ್ಟ್ರಿಷಿಯನ್ ಫಯಾಜನಿಗೆ ಫೋನು ಮಾಡಿದೆ. "ಬರ್ತಾ ಇದೀನಿ ಸಾಬ್. ಇದೇ ಬಲ್ಬಿಗೆ ನಿಮ್ಮ ಕೆಳಗಿನ ಮನೆಯವರೂ ಈಗ್ತಾನೆ ಫೋನ್ ಮಾಡಿದ್ರು" ಎಂದ. ಬಂದವನು ಬೊಟ್ಟಿಟ್ಟ ಸ್ವಿಚ್ಚನ್ನು ಒಂದು ಗಳಿಗೆ ನೋಡಿ ಬಿಚ್ಚಿದ. "ನಡುವಿನ ಸ್ಕ್ರೂಗೆ ಬರಬೇಕಾದ ತಂತಿ ಪಕ್ಕಕ್ಕೆ ಹೋಗೈತೆ. ಯಾರು ಸಾಬ್ ಇದನ್ನ ಬಿಚ್ಚಿದ್ದು?" ಕುಂಬಳಕಾಯಿ ಕಳ್ಳ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ ನಾನು ನನ್ನ ಹೆಬ್ಬೆರಳು ನೋಡಿಕೊಂಡೆ. "ಪೇಂಟರು ಇರಬೇಕು" ಎಂದೆ.

ಅವನು ಸರಿಮಾಡಿ ಒತ್ತಿದ. ಹತ್ತಲಿಲ್ಲ. ತಲೆ ಕೆರೆದುಕೊಂಡು ಕೆಳಗಿಳಿದ. ನಾನೂ ಹಿಂದೆ ಇಳಿದೆ. ಎಷ್ಟೋ ತಿಂಗಳ ಮೇಲೆ ಅಣ್ಣನ ಹೊಸ್ತಿಲು ದಾಟಿದ್ದೆ. ಕೆಳಗೆ ಅಣ್ಣ ಕುತ್ತಿಗೆಗೆ ಟೇಪು ಹಾಕಿಕೊಂಡು, ಅವ್ವ ಮಂಡಿಗೆ ಅರಿಸಿನ ಹಚ್ಚಿಕೊಂಡು ಇದ್ದರು. ಅಲ್ಲಿನ ಸ್ವಿಚ್ಚೂ ಬಿಳಿಯದು, ಹೊಸದು. ಫಯಾಜ್ ಬಿಚ್ಚಿ ನೋಡಿ ನಕ್ಕುಬಿಟ್ಟ. "ಇಲ್ಲೂ ಅದೇ ತಂತಿ, ಅದೇ ಸ್ಕ್ರೂ. ಇದನ್ನ ಯಾರು ಬಿಚ್ಚಿದ್ದು?"

ಅಣ್ಣ ಗೋಡೆ ನೋಡಿದ. "ಪೇಂಟರಿರ್ಬೇಕು ಕಣಪ್ಪ" ಎಂದ.

"ಪೇಂಟ್ರೂ ಅಲ್ಲ ಗೀಂಟ್ರೂ ಅಲ್ಲ" ಎಂದಳು ಅವ್ವ. "ಇವೆರಡೂ ನನ್ ಹೊಟ್ಟೇಲಿ ಹುಟ್ಟಿದ್ವು. ತಪ್ಪೂ ಒಂದೇ, ಸುಳ್ಳೂ ಒಂದೇ."

ಮಾತು ಬಿಟ್ಟ ಮೇಲೆ ಮೊದಲ ಬಾರಿಗೆ ಅಣ್ಣ ನನ್ನ ಮುಖ ನೋಡಿದ. "ನಾನ್ ಫೋಟೋ ತೆಗ್ದಿದ್ದೆ ಕಣ್ಲಾ" ಎಂದು ಮೊಬೈಲು ಚಾಚಿದ. ಪರದೆಯ ತುಂಬ ಹೆಬ್ಬೆರಳು. ನಾನು ನನ್ನದನ್ನು ತೆಗೆದು ಪಕ್ಕದಲ್ಲಿ ಹಿಡಿದೆ. ಇಬ್ಬರ ಉಗುರೂ ಅಪ್ಪನದೇ, ಅಗಲಕ್ಕೆ, ಚಪ್ಪಟೆಗೆ. ಫಯಾಜನಿಗೆ ಕಾಫಿ ತರುವ ನೆಪದಲ್ಲಿ ಮೇಲೆ ಹೋದೆ.

ಫಯಾಜ್ ಎರಡೂ ಕಡೆ ಸರಿಮಾಡಿ ಹೋದ. ಇಲ್ಲಿಗೆ ಮುಗಿಯಬೇಕಿತ್ತು. ಆದರೆ ಅಂದು ಸಂಜೆ ಅವ್ವ "ಉಸ್ಸಪ್ಪ" ಎಂದು ಮೊದಲ ಮೆಟ್ಟಿಲು ಹತ್ತಿದ್ದು ಕೇಳಿಸಿತು. ಓಡಿಹೋಗಿ ಸ್ವಿಚ್ಚು ಒತ್ತಿದೆ. ಬಲ್ಬು ಮಿಂಚಿ ಆರಿತು. ಮತ್ತೆ ಒತ್ತಿದೆ, ಮತ್ತೆ ಮಿಂಚಿ ಆರಿತು. ಕೆಳಗೆ ಅಣ್ಣನೂ ಅಷ್ಟೇ ಪ್ರೀತಿಯಿಂದ, ಅದೇ ಗಳಿಗೆಗೆ ಒತ್ತುತ್ತಿದ್ದ. ಅಪ್ಪನ ಏರ್ಪಾಡು ಒಬ್ಬ ಹಾಕಿದ್ದನ್ನು ಇನ್ನೊಬ್ಬನ ಕೈಯಲ್ಲಿ ಆರಿಸುತ್ತಿತ್ತು. "ನೀವು ಮಾತು ಬುಟ್ಟಿದ್ದಾಗ್ಲೇ ವಾಸಿ ಇತ್ತು ಕಣ್ರಲಾ" ಎಂದು ಕತ್ತಲಿನಿಂದ ಅವ್ವನ ದನಿ ಬಂತು. ಸ್ವಿಚ್ಚಿನ ಸಹವಾಸವೇ ಬೇಡವೆಂದು ಗೋಡೆ ತಡವುತ್ತಾ ಇಳಿದು ಅವ್ವನ ಕೈ ಹಿಡಿದೆ. ಅವಳ ಇನ್ನೊಂದು ಕೈಯನ್ನು ಆಗಲೇ ಯಾರೋ ಹಿಡಿದಿದ್ದರು.

"ನಿನ್ ಮೆಟ್ಲಿಗೇನ್ ಬಂದಿಲ್ಲ ತಾನೇ ನಾನು?" ಎಂದ ಅಣ್ಣ.

ದೀಪ ಹಾಕಲು ಮೇಲೆ ನಾನಿರಲಿಲ್ಲ, ಕೆಳಗೆ ಅವನಿರಲಿಲ್ಲ. ನಾವು ನಿಂತದ್ದು ಎಷ್ಟನೆಯ ಮೆಟ್ಟಿಲೋ, ಯಾರ ಪಾಲಿನದೋ, ಸರ್ವೆಯರನಾದ ನನಗೆ ಹೇಳಲಾಗಲಿಲ್ಲ.