ಮೇಸ್ತ್ರಿಯ ಪಿನ್ನು, ನನ್ನ ಹೊಟ್ಟೆಕಿಚ್ಚು

ಕಾರ್ಖಾನೆ ಅಂದಮೇಲೆ ಸದ್ದು ಇರುತ್ತೆ, ಎಣ್ಣೆ ಇರುತ್ತೆ, ಪಕ್ಕದವನನ್ನ ಕಂಡು ಕರುಬೋದೂ ಇದ್ದೇ ಇರುತ್ತೆ.

ಐವತ್ತರ ದಶಕ. ರಾಜಾಜಿನಗರದಲ್ಲಿ ಆಗಿನ್ನೂ ಶೆಡ್ಡುಗಳ ನಡುವೆ ರಾಗಿ ಹೊಲ ಇತ್ತು. ನೀರಿನ ಪಂಪಿನ ಬಿಡಿಭಾಗ ಮಾಡೋ ನಮ್ಮ ಶೆಡ್ಡಿನಲ್ಲಿ ಡಿಪ್ಲೊಮಾ ಓದಿದವನು ನಾನೊಬ್ಬನೇ. ನನ್ನ ಕೆಲಸ ಫಿಕ್ಸ್ಚರ್ ವಿನ್ಯಾಸ. ಅಂದರೆ, ಪಿನ್ನುಗಳಿರೋ ಒಂದು ಕಬ್ಬಿಣದ ಹಲಗೆ. ತಯಾರಾದ ಭಾಗವನ್ನ ಅದರ ಮೇಲಿಡಬೇಕು. ಪಿನ್ನಿಗೆ ತೂತು ಸಲೀಸಾಗಿ ಕೂತರೆ ಪಾಸು, ಇಲ್ಲದಿದ್ದರೆ ಗುಜರಿ. ಅತ್ತಿಗುಪ್ಪೆಯಿಂದ ಸೈಕಲ್ಲಲ್ಲಿ ಬರ್ತಿದ್ದ ಫಿಟ್ಟರ್ ಮೇಸ್ತ್ರಿ ಮೂರನೇ ಕ್ಲಾಸೂ ದಾಟಿರಲಿಲ್ಲ. ಆದರೂ ಸಾಹುಕಾರರು ಏನೇ ಆಗಲಿ, "ಮೇಸ್ತ್ರೀನ ಕೇಳಿ" ಅನ್ನೋರು. ನನ್ನ ಹೊಟ್ಟೆಗೆ ಬೆಂಕಿ ಬೀಳೋದು.

ಹದಿನೈದು ದಿನದ ನಕ್ಷೆ

ಹದಿನೈದು ದಿನ ಕೂತು ನಕ್ಷೆ ಬರೆದು ನನ್ನ ಮೊದಲ ಫಿಕ್ಸ್ಚರ್ ಮಾಡಿಸಿದೆ. ಬುಟ್ಟಿಗಟ್ಟಲೆ ಭಾಗ ಇಟ್ಟು ನೋಡಿದರು. ಒಂದೂ ಕೂರಲಿಲ್ಲ.

"ಭಾಗಗಳೇ ಸರಿಯಿಲ್ಲ," ಅಂದೆ ಗತ್ತಿನಿಂದ.

ಮೇಸ್ತ್ರಿ ನಕ್ಷೆ ತಗೊಂಡು ಬೆಳಕಿಗೆ ಹಿಡಿದ. ಹಿಂದುಮುಂದು ತಿರುಗಿಸಿದ. ಎಡದ ಪಿನ್ನು ಬಲಕ್ಕೆ, ಬಲದ್ದು ಎಡಕ್ಕೆ ಬರೆದಿದ್ದೆ.

"ನಕ್ಷೆ ಚೆಂದಾಗೈತೆ ಸ್ವಾಮಿ," ಅಂದ. "ಕನ್ನಡೀಲಿ ನೋಡ್ಬೇಕು, ಅಷ್ಟೇ."

ಶಾವಿಗೆ ಒರಳು

ಮನೆಯಲ್ಲಾದರೂ ಅವನ ಸುದ್ದಿ ಬೇಡ ಅಂದುಕೊಂಡಿದ್ದೆ. ಶಾವಿಗೆ ಒರಳು ಬಿಗಿಯಾಗಿದೆ ಅಂತ ಹೆಂಡತಿ ತಿಂಗಳಿಂದ ಹೇಳ್ತಿದ್ದಳು. ನಾನು ಅಳತೆ ತೆಗೆದು ನಕ್ಷೆ ಶುರು ಮಾಡಿದ್ದೆ. ಒಂದು ಭಾನುವಾರ ಮೇಸ್ತ್ರಿ ಬಂದವನು ಅರದಲ್ಲಿ ನಾಲ್ಕು ಸಲ ಉಜ್ಜಿ ಕೊಟ್ಟು ಹೋದ. ಅವತ್ತು ಶಾವಿಗೆ ಮಲ್ಲಿಗೆ ಎಸಳಿನ ಹಾಗೆ ಇಳಿಯಿತು. ಕೋಪಕ್ಕೆ ತಿನ್ನಲೇಬಾರದು ಅಂತ ಕೂತೆ. ಮೂರು ತಟ್ಟೆ ತಿಂದೆ.

"ನನ್ನ ನಕ್ಷೆ ಎಲ್ಲಿ?" ಅಂತ ಕೇಳಿದೆ.

"ಮಾಳಿಗೆ ಮೇಲೆ ಕಣ್ರೀ. ಉಳಿದ ಶಾವಿಗೆ ಅದರ ಮೇಲೇ ಒಣಗಿಸಿದೀನಿ."

ಎಮರಿ ಕಾಗದ

ಮೇಸ್ತ್ರಿ ಮಾಡಿದ ಹೊಸ ಫಿಕ್ಸ್ಚರ್ ನೋಡೋಕೆ ಮಾಲು ಕೊಳ್ಳೋ ಕಂಪನಿಯ ಎಂಜಿನಿಯರ್ ಬರ್ತಾರೆ ಅಂತಾಯಿತು. ಊಟದ ಹೊತ್ತಲ್ಲಿ, ಯಾರೂ ಇಲ್ಲದಾಗ, ಅದರ ಪಿನ್ನನ್ನ ಎಮರಿ ಕಾಗದದಲ್ಲಿ ಉಜ್ಜಿಬಿಟ್ಟೆ. ಪಿನ್ನು ಸವೆದರೆ ಕೆಟ್ಟ ಭಾಗವೂ ಪಾಸಾಗುತ್ತೆ, ಮೇಸ್ತ್ರಿಯ ಮಾನ ಹೋಗುತ್ತೆ. ನಡುವೆ ಎರಡು ಸಲ ಉಜ್ಜೋದು ನಿಲ್ಲಿಸಿದೆ. ಅಯ್ಯೋ ಪಾಪ ಅಂತಲ್ಲ, ಯಾರಾದರೂ ಬಂದಾರು ಅಂತ.

ಎಂಜಿನಿಯರ್ ಬಂದವರೇ, "ಒಳ್ಳೇ ಭಾಗಗಳನ್ನೂ ಗುಜರಿಗೆ ಹಾಕ್ತಿದೀರಂತೆ. ನಿಮ್ಮ ಪಿನ್ನು ಬೇಕಾದ್ದಕ್ಕಿಂತ ದಪ್ಪ ಆಗಿರಬೇಕು," ಅಂತ ಮೈಕ್ರೋಮೀಟರ್ ಹಿಡಿದರು. ಅಳೆದರು. ಮತ್ತೆ ಅಳೆದರು.

"ಕೂದಲೆಳೆಯಷ್ಟೂ ಹೆಚ್ಚುಕಮ್ಮಿ ಇಲ್ಲ! ಯಾರ ಕೈ ಇದು?"

ಎಲ್ಲರೂ ಮೇಸ್ತ್ರಿ ಕಡೆ ನೋಡಿದರು. ಅವನು ಪಿನ್ನನ್ನ ಬೆರಳಲ್ಲಿ ಸವರಿ ಕಕ್ಕಾಬಿಕ್ಕಿಯಾದ. ಆಮೇಲೆ ಕೈ ಮುಗಿದ. "ಎಲ್ಲಾ ದೇವರ ದಯೆ ಸ್ವಾಮಿ."

ಸಾಹುಕಾರರು ನನ್ನ ಕಡೆ ತಿರುಗಿದರು. "ಮೇಸ್ತ್ರಿಗೆ ಒಂದು ಮೆಚ್ಚುಗೆ ಪತ್ರ ಇಂಗ್ಲಿಷಲ್ಲಿ ನೀವೇ ಬರೀರಿ. ಪಿನ್ನಿನ ವಿಚಾರ ಬಿಡಬೇಡಿ."

ಬರೆದೆ. ಮೇಸ್ತ್ರಿಗೆ ಇಂಗ್ಲಿಷ್ ಬರೋಲ್ಲವಲ್ಲ, ಎಲ್ಲರೆದುರು ಕನ್ನಡದಲ್ಲಿ ಓದಿಯೂ ಹೇಳಿದೆ. ಅವನು ಕಣ್ಣೊರೆಸಿಕೊಂಡು ಅಂದ:

"ಸ್ವಾಮಿ, ಆ ಪಿನ್ನು ಉಜ್ಜಿದವನ ಕೈನ ಹೊಗಳಿದೀರಲ್ಲ... ಅದೊಂದು ಸಾಲು ಇನ್ನೊಂದ್ಸಲ ಓದಿ."